ಮೇಲಿನ ಸಾಲು ಓದಿದಿರಾ?



ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಂಡ ವಾಗ್ದಾನದ ಚೀಟಿ ನಿಮ್ಮಲ್ಲಿ ಅನೇಕರ ಸತ್ಯವೇದದೊಳಗೆ ಇನ್ನೂ ಇರಬಹುದು. ಆ ಚೀಟಿಯ ಬಗ್ಗೆಯೇ ನಿಂಬರ್ಗಾ ಕಡೆಯವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಹೋದ ತಿಂಗಳು ಆಳಂದ ಬಸ್ ನಿಲ್ದಾಣದಲ್ಲಿ ಒಬ್ಬ ತಾಯಿ ಕೈ ಹಿಡಿದು ನಿಲ್ಲಿಸಿದರು. "ಸರ್, ನನಗ ಯೆರೆಮೀಯ ಇಪ್ಪತ್ತೊಂಬತ್ತು ಹನ್ನೊಂದು ಬಂದಿತ್ರಿ. ಒಳ್ಳೇದೇ ಆಗ್ತದಂತ ಇತ್ತು. ಇತ್ಲಾಗ ತೊಗರಿ ನೆಟೆ ಹತ್ತಿ ಒಣಗಿ ಹೋಯ್ತು. ದೇವರ ಮಾತು ಸುಳ್ಳ ಆಯ್ತೇನ್ರಿ, ಇಲ್ಲಾ ನನ್ನ ವಿಶ್ವಾಸ ಕಡಿಮಿ ಬಿತ್ತೇನ್ರಿ?"

ಎರಡೂ ಅಲ್ಲ ತಾಯಿ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ, ಬೇರಿನಿಂದ ಹತ್ತುತ್ತದೆ. ವಿಶ್ವಾಸ ಗಟ್ಟಿ ಇದ್ದವರ ಹೊಲವನ್ನೂ ಅದು ಬಿಡುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ದೊಡ್ಡದು. ಉತ್ತರಕ್ಕೆ ನನ್ನದೇ ಒಂದು ತಪ್ಪನ್ನು ಮೊದಲು ಹೇಳಬೇಕು.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಓಣಿಯ ಎಷ್ಟೋ ಗಂಡಸರು ಸೋಲಾಪುರದ ಗಿರಣಿಗಳಲ್ಲಿ ದುಡಿಯುತ್ತಿದ್ದರು. ಅವರ ಕಾಗದ ಬಂದರೆ ಓದಿ ಹೇಳುವುದು ನನ್ನ ಕೆಲಸ. ಒಂದು ಸಂಜೆ ಪಕ್ಕದ ಮನೆಯ ಅತ್ತೆ ಕರೆದರು. ನನಗೋ ಹೊರಗೆ ಆಟ ಕಾಯುತ್ತಿತ್ತು. ಕಾಗದ ಬಿಡಿಸಿ, ಕಣ್ಣಾಡಿಸಿ, "ಹುಣ್ಣಿಮೆಗೆ ಬರ್ತಾರಂತ ಅತ್ತಿ" ಎಂದು ಹೇಳಿ ಓಡಿಬಿಟ್ಟೆ. ಹುಣ್ಣಿಮೆಗೆ ಅತ್ತೆ ಹೂರಣ ಅರೆದು ಹೋಳಿಗೆ ಮಾಡಿದರು. ಎರಡು ದಿನ ಬಾಗಿಲು ನೋಡಿದರು. ಮಾವ ಬರಲಿಲ್ಲ. ಮೂರನೆಯ ದಿನ ಕಾಗದವನ್ನು ಮತ್ತೆ ಓದಿಸಿದಾಗ ಮೇಲಿನ ಸಾಲು ಸಿಕ್ಕಿತು: ಸಾಹೇಬರು ರಜೆ ಕೊಟ್ಟರೆ. ಕಾಗದ ಸುಳ್ಳು ಹೇಳಿರಲಿಲ್ಲ. ಓದಿದವನಿಗೆ ಅವಸರವಿತ್ತು.

ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯವೂ ಕಾಗದವೇ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೂಸಲೇಮಿನಿಂದ ಹೋದದ್ದು. ನಿಮ್ಮ ಚೀಟಿಯ ಹನ್ನೊಂದನೆಯ ವಚನದ ಮೇಲೆಯೇ ಹತ್ತನೆಯದು ಕೂತಿದೆ. ಅದರಲ್ಲಿ ಎಪ್ಪತ್ತು ವರ್ಷ ಎಂದಿದೆ. ಎಪ್ಪತ್ತು! ಕಾಗದ ಕೇಳಿದ ಹಿರಿಯರಲ್ಲಿ ಬಹಳ ಜನ ಊರಿಗೆ ಮರಳುವುದಿಲ್ಲ ಎಂದೇ ಅರ್ಥ. ಅಲ್ಲಿಯವರೆಗೆ ಮಾಡುವುದೇನು? ಐದರಿಂದ ಏಳನೆಯ ವಚನ ನೋಡಿ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಸೆರೆ ಒಯ್ದ ಆ ಊರಿನ ಒಳಿತಿಗೂ ಪ್ರಾರ್ಥಿಸಿ. ಪುಣೆ, ಮುಂಬಯಿಗೆ ದುಡಿಯಲು ಹೋದ ನಮ್ಮ ಆಳಂದದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಯಾವುದು? ಆದರೆ ಅದನ್ನು ಯಾರೂ ಚೀಟಿಯಲ್ಲಿ ಅಚ್ಚು ಹಾಕಿಸುವುದಿಲ್ಲ.

ಇನ್ನೊಂದು ಮಾತು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ. ಜನಕ್ಕೆ ಹಿತವಾಗಿದ್ದದ್ದು ಅವನ ಮಾತೇ. ಸುಳ್ಳಾದದ್ದೂ ಅವನದೇ. ಎಪ್ಪತ್ತನ್ನು ಬಿಟ್ಟು ಹನ್ನೊಂದನ್ನಷ್ಟೇ ಕತ್ತರಿಸಿ ಕೊಟ್ಟರೆ ನಾವು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಚೀಟಿ ಹಂಚಿದಂತೆ.

ಈ ತಪ್ಪು ನಮ್ಮ ಸೀಮೆಯಲ್ಲಿ ಸುಲಭವಾಗಿ ಆಗುವುದಕ್ಕೆ ಕಾರಣವಿದೆ, ಅದು 'ವಚನ' ಎಂಬ ಪದ. ಬಸವಕಲ್ಯಾಣ ನಮಗೆ ದೂರವಲ್ಲ. ಶರಣರ ವಚನ ಕೇಳಿಯೇ ನಮ್ಮ ಕಿವಿ ಪಳಗಿದೆ. ಶರಣರ ವಚನ ತನ್ನಲ್ಲೇ ಪೂರ್ತಿ. ಕೂಡಲಸಂಗಮದೇವ ಎಂದೋ ಚೆನ್ನಮಲ್ಲಿಕಾರ್ಜುನ ಎಂದೋ ಅಂಕಿತ ಬಿತ್ತೆಂದರೆ ಮಾತು ಮುಗಿಯಿತು. ಅದನ್ನು ಕಿಸೆಯಲ್ಲಿಟ್ಟು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸತ್ಯವೇದದ ವಚನಕ್ಕೆ ಅಂಕಿತವಿಲ್ಲ. ಅದು ಮಾತಿನ ನಡುವೆ ಹಾಕಿದ ಸಂಖ್ಯೆ. ಬಸವಣ್ಣನವರ ಕಾಲದಲ್ಲಿ ಬೈಬಲಿಗೆ ಈಗಿನ ಅಧ್ಯಾಯಗಳೇ ಇರಲಿಲ್ಲ. ಅವನ್ನು ಹದಿಮೂರನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದರೆನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದವರು ರಾಬರ್ಟ್ ಎಟಿಯೆನ್ ಎಂಬ ಮುದ್ರಕರು, 1551ರಲ್ಲಿ. ಹೀಬ್ರೂ ಪ್ರತಿಗಳಲ್ಲಿ ವಾಕ್ಯ ನಿಲ್ಲುವ ಗುರುತು ಮೊದಲೇ ಇತ್ತು, ಸಂಖ್ಯೆ ಇರಲಿಲ್ಲ. ಪೌಲ ಕಾಗದ ಬರೆಯುವಾಗ ಒಂದು, ಎರಡು, ಮೂರು ಎಂದು ಎಣಿಸುತ್ತ ಕೂತಿರಲಿಲ್ಲ.

ಸಂಖ್ಯೆ ಇರುವುದು ಜಾಗ ಹುಡುಕಲಿಕ್ಕೆ. ಬಸ್ಸಿನ ಹಾದಿಯ ಮೈಲುಗಲ್ಲಿನ ಹಾಗೆ. ಮೈಲುಗಲ್ಲು ಕಂಡಿತೆಂದು ಯಾರೂ ಅಲ್ಲೇ ಇಳಿದು ಊರು ಬಂತು ಅನ್ನುವುದಿಲ್ಲ. ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ: ಮೇಲಿನ ಸಾಲು ಓದಿ, ಕೆಳಗಿನ ಸಾಲು ಓದಿ. ಕಾಗದ ಯಾರಿಗೆ, ಯಾವ ಕಷ್ಟದಲ್ಲಿ ಬರೆದದ್ದು ಕೇಳಿ. ಆಮೇಲೆ ನಿಮ್ಮ ಮನೆಗೆ ತನ್ನಿ.

ಪರೀಕ್ಷೆಗೆ ಹೋಗುವ ಮಕ್ಕಳ ರಟ್ಟಿನ ಮೇಲೆ ಫಿಲಿಪ್ಪಿ ನಾಲ್ಕು ಹದಿಮೂರು ಬರೆದಿರುತ್ತದೆ, ಬಲ ಕೊಡುವವನಿಂದ ಎಲ್ಲಕ್ಕೂ ಶಕ್ತನೆಂಬ ಅರ್ಥದ್ದು. ಬರೆದದ್ದು ಬೇಡಿಯಲ್ಲಿದ್ದ ಮನುಷ್ಯ. ಹನ್ನೆರಡನೆಯ ವಚನದಲ್ಲಿ ಹಸಿದಿರುವುದನ್ನೂ ಉಂಡಿರುವುದನ್ನೂ ಕಲಿತೆ ಎನ್ನುತ್ತಾನೆ. ಅಂದರೆ ನಪಾಸಾದ ದಿನವೂ ತಡೆದುಕೊಳ್ಳುವ ಬಲ. ಪುಸ್ತಕ ತೆರೆಯದೆ ಪಾಸಾಗುವ ಬಲವನ್ನು ಅವನು ಬರೆದಿಲ್ಲ, ಮಕ್ಕಳೇ.

"ವಚನ ಅಂದ ಮ್ಯಾಲ ಮುಗೀತಲ್ರಿ" ಎನ್ನುವವರಿಗೆ ಮತ್ತಾಯ ನಾಲ್ಕನೆಯ ಅಧ್ಯಾಯವನ್ನು ನೆನಪಿಸುತ್ತೇನೆ. ಅಲ್ಲಿ ಸೈತಾನನೇ ತೊಂಬತ್ತೊಂದನೆಯ ಕೀರ್ತನೆಯ ವಚನ ಹೇಳಿ, ದೇವದೂತರು ಹಿಡಿಯುತ್ತಾರೆ, ಗೋಪುರದಿಂದ ಹಾರು ಎನ್ನುತ್ತಾನೆ. ವಚನ ಸರಿಯಾದದ್ದೇ, ಉಪಯೋಗ ತಪ್ಪು. ಯೇಸು ಉತ್ತರಿಸಿದ್ದು ಧರ್ಮೋಪದೇಶಕಾಂಡದ ಇನ್ನೊಂದು ಮಾತು ಹೇಳಿ.

ನನ್ನ ಚಿಕ್ಕಮ್ಮನಿಗೂ ಯಾರೋ ಹೀಗೇ ಗೋಪುರದಿಂದ ಹಾರಲು ಹೇಳಿದರು. ಗುಣವಾಗುವ ವಚನ ಗೋಡೆಗೆ ಬರೆಸಿ ಬಿಪಿ ಗುಳಿಗೆ ಬಿಟ್ಟುಬಿಟ್ಟರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಬಲಗೈ ಇವತ್ತಿಗೂ ರೊಟ್ಟಿ ಬಡಿಯುವುದಿಲ್ಲ. ಅದೇ ಸತ್ಯವೇದದಲ್ಲಿ ಪೌಲ ಲೂಕನನ್ನು ಪ್ರೀತಿಯ ವೈದ್ಯನೆಂದು ಕರೆದಿದ್ದಾನೆ. ಪ್ರಾರ್ಥನೆ ಮಾಡಿ, ಗುಳಿಗೆಯನ್ನೂ ನುಂಗಿ. ಇದನ್ನು ಇನ್ನೂ ಹೇಳಬೇಕಾಗಿ ಬಂದಿದೆಯಲ್ಲ ಎಂದು ಸಿಟ್ಟು ಬರುತ್ತದೆ.

ಹೊತ್ತಾಗುತ್ತಿದೆ. ದಿನದ ಬದುಕಿಗೆ ಹೇಳಬೇಕೆಂದುಕೊಂಡದ್ದು ಬಹಳವಿತ್ತು, ಎರಡನ್ನಷ್ಟೇ ಹೇಳುತ್ತೇನೆ. ಚೀಟಿಗೆ ಬಾರದ ವಚನಗಳನ್ನೂ ಓದಿ. ಯಾಜಕಕಾಂಡ ಹತ್ತೊಂಬತ್ತರಲ್ಲಿ ಕೂಲಿಯವನ ಹಣ ರಾತ್ರಿ ಕಳೆಯುವ ತನಕ ಇಟ್ಟುಕೊಳ್ಳಬೇಡ ಎಂದಿದೆ. ತೊಗರಿ ಕೊಯ್ದವರ ಕೂಲಿಯನ್ನು ಸಂತೆಯ ದಿನಕ್ಕೆ ತಳ್ಳುವವರು ಇದನ್ನು ಗೋಡೆಗೆ ಬರೆಸಲಿ. ಅದೇ ಅಧ್ಯಾಯ ಹೊಲದ ಅಂಚನ್ನೂ ಹಕ್ಕಲನ್ನೂ ಬಡವರಿಗೆ ಬಿಡಲು ಹೇಳುತ್ತದೆ. ರೂತಳು ಹಕ್ಕಲು ಆಯುವಾಗ ಬೋವಜನು ಸಿವುಡಿನಿಂದಲೇ ತೆನೆ ಎಳೆದು ಬೇಕೆಂದೇ ಬೀಳಿಸಲು ಆಳುಗಳಿಗೆ ಹೇಳಿದ. ರಾಶಿಯಾದ ಮೇಲೆ ನಿಮ್ಮ ಹೊಲಕ್ಕೆ ಹಕ್ಕಲು ಆರಿಸಲು ಬರುವ ಮುದುಕಿಯನ್ನು ಗದರಿಸಬೇಡಿ. ಆ ವರ್ಷ ಆಕೆಯ ಪಾಲಿನ ವಾಗ್ದಾನ ನಿಮ್ಮ ಹೊಲದಲ್ಲಿ ಬಿದ್ದಿರುತ್ತದೆ.

ಇವತ್ತು ರಾತ್ರಿ ಆ ಚೀಟಿ ತೆಗೆಯಿರಿ. ಅದರ ಅಧ್ಯಾಯವನ್ನು ಮೊದಲಿನಿಂದ ಗಟ್ಟಿಯಾಗಿ ಓದಿ. ಓದಲು ಬಾರದವರು ಮನೆಯ ಹುಡುಗನಿಂದ ಓದಿಸಿ. ಆದರೆ ಅವನಿಗೆ ಆಟದ ಅವಸರವಿಲ್ಲ ಎಂದು ನೋಡಿಕೊಂಡು ಕೂಡಿಸಿ.