ಹಿತ್ತಲಿನ ಹೂವು, ಮನೆಯ ಹಿತ



ಯುಗಾದಿ ಕಳೆದು ಬಸವ ಜಯಂತಿ ಬರುವ ಈ ದಿನಗಳಲ್ಲಿ ನಮ್ಮ ಬಾಗಲಕೋಟೆ ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಬಾದಾಮಿಯ ಕೆಂಪು ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ಹುನಗುಂದದ ಎರೆಹೊಲಗಳು ಬಿರುಕು ಬಿಟ್ಟಿರುತ್ತವೆ. ಆದರೂ ಹಿತ್ತಲಿನಲ್ಲಿ ದುಂಡುಮಲ್ಲಿಗೆ ಅರಳುವ ಕಾಲ ಇದೇ. ದಾಸವಾಳ, ಅಬ್ಬಲಿಗೆ, ನಿತ್ಯಪುಷ್ಪ, ಕಣಗಿಲೆಗಳೂ ಈ ಬಿಸಿಲಿನಲ್ಲಿಯೇ ಹೂ ಬಿಡುತ್ತವೆ. ಕುಟುಂಬ ಕಲ್ಯಾಣದ ಸಭೆಯಲ್ಲಿ ಹೂವಿನ ಮಾತೇಕೆ ಎಂದು ತಮಗೆ ಅನಿಸಬಹುದು. ಹಿತ್ತಲಿಗೂ ಮನೆಯವರ ಆರೋಗ್ಯಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಇಂದಿನ ಉದ್ದೇಶ.

ಮೊದಲನೆಯದು ನೀರು. ಬೇಸಿಗೆಯಲ್ಲಿ ಕೊಡ ನೀರಿಗೂ ಬೆಲೆಯಿದೆ. ಬಚ್ಚಲ ನೀರನ್ನು ಸಣ್ಣ ಕಾಲುವೆಯ ಮೂಲಕ ಗಿಡಗಳಿಗೆ ಹರಿಸಿದರೆ ಹೂವೂ ದೊರೆಯುತ್ತದೆ, ಮನೆಯ ಹಿಂದೆ ಕೊಚ್ಚೆಯೂ ಆಗುವುದಿಲ್ಲ. ಎರೆಮಣ್ಣಿನಲ್ಲಿ ನೀರು ನಿಂತು ಮಲ್ಲಿಗೆಯ ಬೇರು ಕೊಳೆಯುವುದರಿಂದ ಉಸುಕು ಮತ್ತು ತಿಪ್ಪೆಗೊಬ್ಬರ ಬೆರೆಸಬೇಕು. ಮಸಾರಿ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಬುಡಕ್ಕೆ ಒಣ ಎಲೆ ಹೊದಿಸಬೇಕು. ತೆಂಗಿನ ಚಿಪ್ಪು, ಒಡೆದ ಗಡಿಗೆ, ಹಳೆಯ ಟೈರುಗಳಲ್ಲಿ ನೀರು ನಿಲ್ಲಗೊಡಬಾರದು. ಡೆಂಗೀ ಮತ್ತು ಚಿಕುನ್‌ಗುನ್ಯ ಹರಡುವ ಸೊಳ್ಳೆ ಅಂಥಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ ತಿಕ್ಕಿ ಒಣಗಿಸತಕ್ಕದ್ದು.

ಎರಡನೆಯದು ಬಿಡುವು. ಇಂದು ಬುಟ್ಟಿ ತುಂಬುವ ಮಲ್ಲಿಗೆಗೆ ನವೆಂಬರ್ ಕೊನೆಯಲ್ಲಿಯೇ ಸಿದ್ಧತೆ ನಡೆದಿರುತ್ತದೆ. ಆಗ ನೀರು ಕಡಿಮೆ ಮಾಡಿ, ಕೊಂಬೆ ಸವರಿ, ಗಿಡಕ್ಕೆ ವಿಶ್ರಾಂತಿ ಕೊಟ್ಟು, ಅನಂತರ ಗೊಬ್ಬರ ಹಾಕಲಾಗುತ್ತದೆ. ಗಿಡದಿಂದ ಗಿಡಕ್ಕೆ ಸುಮಾರು 4 ಅಡಿ ಅಂತರವಿದ್ದರೆ ಬಿಸಿಲು, ಗಾಳಿ, ಸಾರ ಎಲ್ಲಕ್ಕೂ ದೊರೆಯುತ್ತವೆ. ಇದನ್ನು ಬಲ್ಲ ನಾವು ಮನೆಯೊಡತಿಯ ವಿಷಯದಲ್ಲಿ ಮರೆಯುವುದೇಕೆ? ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವವಳು, ರೊಟ್ಟಿ ಬಡಿಯುವವಳು, ಕಂಕುಳಲ್ಲಿ ಕೂಸು ಹೊತ್ತವಳು ಒಬ್ಬಳೇ. ಆ ಕೂಸು ಮೊಲೆ ಬಿಡುವ ಮುನ್ನವೇ ಮತ್ತೊಂದು ಗರ್ಭ ನಿಂತರೆ ಅವಳ ರಕ್ತ ಕ್ಷೀಣಿಸುತ್ತದೆ. ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು. ಮಕ್ಕಳ ನಡುವೆ ಕನಿಷ್ಠ 3 ವರ್ಷ ಅಂತರವಿರಲಿ. ಗರ್ಭಿಣಿಯು 4ನೆಯ ತಿಂಗಳಿನಿಂದ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಕಬ್ಬಿಣಾಂಶದ ಗುಳಿಗೆಯನ್ನು ದಿನಕ್ಕೊಂದರಂತೆ ಸೇವಿಸಬೇಕು.

ಅಂತರಕ್ಕಾಗಿ ನಿರೋಧ್, ಕಾಪರ್-ಟಿ, 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಮೊದಲ 3 ತಿಂಗಳು ವಾರಕ್ಕೆರಡು ಬಾರಿ ಮತ್ತು ಅನಂತರ ವಾರಕ್ಕೊಮ್ಮೆ ನುಂಗುವ ಛಾಯಾ ಗುಳಿಗೆ, ಇವೆಲ್ಲ ಸರ್ಕಾರದಿಂದ ಉಚಿತವಾಗಿ ದೊರೆಯುತ್ತವೆ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ವೈದ್ಯರಲ್ಲಿ ಇಬ್ಬರೂ ಕೂಡಿ ಕೇಳಿ. ಮಕ್ಕಳು ಸಾಕೆನಿಸಿದಾಗ ಪುರುಷರ ಶಸ್ತ್ರಚಿಕಿತ್ಸೆ ಸರಳವಾದುದು. ಅದರಿಂದ ದುಡಿಯುವ ಶಕ್ತಿಯೂ ಪುರುಷತ್ವವೂ ಕುಂದುವುದಿಲ್ಲ. ಆದರೆ ಅನಂತರದ 3 ತಿಂಗಳು ನಿರೋಧ್ ಬಳಸಲೇಬೇಕು.

ಮೂರನೆಯದು ಎಚ್ಚರಿಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಕಣಗಿಲೆಯ ಮಟ್ಟಿಗೆ ಅಕ್ಷರಶಃ ನಿಜ. ಅದರ ಹೂವು, ಎಲೆ, ಬೇರು ಎಲ್ಲವೂ ವಿಷ. ಆ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳ ಕೈಗೆಟುಕುವಲ್ಲಿ ಅದನ್ನು ಬೆಳೆಸಬೇಡಿ. ಬೇಡವಾದ ಗರ್ಭವನ್ನು ಕಳೆಯಲು ಅದರ ಬೇರನ್ನು ಬಳಸುವ ಘೋರ ಪದ್ಧತಿಯೊಂದಿದೆ. ಗರ್ಭಕ್ಕಿಂತ ಮೊದಲು ತಾಯಿಯ ಪ್ರಾಣವೇ ಹೋಗಬಹುದು. ಗರ್ಭಪಾತಕ್ಕೆ 1971ರ ಕಾಯಿದೆ ನಿಯಮಬದ್ಧ ಅವಕಾಶ ನೀಡಿದೆ. 2021ರ ತಿದ್ದುಪಡಿ ಅದನ್ನು ವಿಸ್ತರಿಸಿದೆ. ಮಾನ್ಯತೆ ಪಡೆದ ಆಸ್ಪತ್ರೆಗೆ ಬೇಗ ಬನ್ನಿರಿ. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಅವಳ ಹೆಸರು ಗುಟ್ಟಾಗಿರುತ್ತದೆ. ಯಾರಾದರೂ ಕಣಗಿಲೆ ತಿಂದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿರಿ.

ಯಜಮಾನರಲ್ಲಿ ಒಂದು ವಿನಂತಿ. ಸಂಜೆ ಗಿಡಗಳಿಗೆ ತಾವೇ ನೀರು ಹಾಕಿರಿ. ಆ ಹೊತ್ತಿನಲ್ಲಿ ಆಕೆ ಕುಳಿತು ದಣಿವಾರಿಸಿಕೊಳ್ಳಲಿ, ತನಗೆಂದು ಮಾಲೆ ಕಟ್ಟಿಕೊಳ್ಳಲಿ. ಮುಂದಿನ ಮಗು ಯಾವಾಗ ಎಂಬ ಮಾತನ್ನು ಇಬ್ಬರೂ ಆಗಲೇ ಆಡಿ ತೀರ್ಮಾನಿಸಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಹಿತ್ತಲು ಹಸನಾಗಲಿ, ಮನೆ ನೆಮ್ಮದಿಯಿಂದಿರಲಿ.