ಕಾರ್ಯ ಮುಗಿದ ಮೇಲಿನ ಮೌನ

ನಾನು ಐಟಿಯಲ್ಲಿ ಕೆಲಸ ಮಾಡುವವಳು, ಮನಃಶಾಸ್ತ್ರ ಓದಿದವಳಲ್ಲ. ಆದರೆ ಹೇಳಿಕೊಳ್ಳದ ದುಃಖ ಮನೆಯವರನ್ನು ಹೇಗೆ ದೂರ ಮಾಡುತ್ತದೆ ಎಂಬುದು ಎಲ್ಲರ ಮನೆಯ ವಿಷಯ.

ಸಾವಾದ ಮನೆಯಲ್ಲಿ 11 ದಿನವೋ 13 ದಿನವೋ ಜನ ತುಂಬಿರುತ್ತಾರೆ. ಬಂದವರೆಲ್ಲ ಹೋದವರ ಮಾತನ್ನೇ ಆಡುತ್ತಾರೆ. ಕಾರ್ಯ ಮುಗಿದ ಮೇಲೆ ನಾವು ಪುಣೆಯ ಬಸ್ಸು ಹತ್ತುತ್ತೇವೆ, ಒಂಟಿಯಾದ ಅಮ್ಮನನ್ನೂ ಕರೆತರುತ್ತೇವೆ. ಇಲ್ಲಿನ ಪಕ್ಕದ ಫ್ಲಾಟಿನವರು ಅಪ್ಪನನ್ನು ನೋಡಿಯೇ ಇಲ್ಲ. ನೆನಪಿರುವುದು ಮನೆಯೊಳಗಿನ ಮೂರ್ನಾಲ್ಕು ಜನಕ್ಕೆ. ಅವರೂ ಆ ಮಾತು ಎತ್ತುವುದಿಲ್ಲ.

ಕಾರಣ ಪ್ರೀತಿಯೇ. ಹೆಸರೆತ್ತಿದರೆ ಅಮ್ಮ ಅಳುತ್ತಾರೆಂದು ಮಗ ಸುಮ್ಮನಿರುತ್ತಾನೆ. ಮಗನಿಗೆ ಆಫೀಸಿನ ಒತ್ತಡವೇ ಸಾಕಷ್ಟಿದೆ ಎಂದು ಅಮ್ಮ ಸುಮ್ಮನಿರುತ್ತಾರೆ. ಆರು ತಿಂಗಳಲ್ಲಿ ಅಮ್ಮನಿಗೆ, "ಇವನು ಅಪ್ಪನನ್ನು ಮರೆತೇಬಿಟ್ಟ" ಅನ್ನಿಸುತ್ತದೆ. ಮಗನಿಗೆ, "ಅಮ್ಮ ಯಾಕೆ ಎಲ್ಲದಕ್ಕೂ ಸಿಡುಕುತ್ತಾಳೆ?" ಅನ್ನಿಸುತ್ತದೆ. ಆಮೇಲೆ ಜಗಳ ಶುರುವಾಗುವುದು ಸಾರಿನ ಉಪ್ಪಿಗೆ, ಟಿವಿಯ ಸದ್ದಿಗೆ, ಊರಲ್ಲಿ ನಿಂತ ಅಪ್ಪನ ಹಳೇ ಸ್ಕೂಟರ್ ಮಾರುವ ಮಾತಿಗೆ.

ಎಲ್ಲರೂ ಒಂದೇ ರೀತಿ ದುಃಖಿಸುವುದಿಲ್ಲ. ಟೆರಿ ಮಾರ್ಟಿನ್ ಮತ್ತು ಕೆನೆತ್ ಡೋಕಾ ಎಂಬ ಸಂಶೋಧಕರು ಹೇಳುವಂತೆ, ಕೆಲವರು ಅತ್ತು, ಮಾತಾಡಿ ದುಃಖ ತೋಡಿಕೊಳ್ಳುತ್ತಾರೆ. ಕೆಲವರು ಏನಾದರೂ ಕೆಲಸ ಮಾಡುತ್ತಾ ಅದನ್ನು ತಾಳಿಕೊಳ್ಳುತ್ತಾರೆ. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ. ಮರಣ ಪ್ರಮಾಣಪತ್ರ, ಬ್ಯಾಂಕು, ಗ್ಯಾಸ್ ಕನೆಕ್ಷನ್ ಎಂದು ಓಡಾಡುವ ಮಗನ ಕಣ್ಣಲ್ಲಿ ನೀರಿಲ್ಲದಿದ್ದರೆ ಅವನಿಗೆ ನೋವಿಲ್ಲ ಎಂದರ್ಥವಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ಪಾತ್ರೆ ತೊಳೆದ ಸೊಸೆಯನ್ನು, "ನಿನಗೆ ಹೇಗಿದೆಯಮ್ಮ?" ಎಂದು ಯಾರೂ ಕೇಳುವುದಿಲ್ಲ. ಮಾವನ ಜೊತೆ ಹತ್ತು ವರ್ಷ ಬಾಳಿದವಳು ಅವಳೂ.

ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು, ಮಗುವಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ಮಾತಾಗಿ ಬರೆದ ಕವಿತೆಯನ್ನು ನಾವೆಲ್ಲ ಹಾಡಾಗಿ ಕೇಳಿದ್ದೇವೆ. ಒಂದೇ ದುಃಖ ಹೊತ್ತ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡುವುದೇ ಎಷ್ಟು ಕಷ್ಟ ಎಂಬುದು ಅಲ್ಲಿದೆ.

ಹಾಗಾದರೆ ಏನು ಮಾಡೋಣ? ಹೋದವರ ಹೆಸರನ್ನು ಮನೆಯಲ್ಲಿ ಸಹಜವಾಗಿ ಬಳಸೋಣ. "ಇದು ಅಪ್ಪನಿಗೆ ಇಷ್ಟವಾದ ಪಲ್ಯ" ಎಂದು ಬಡಿಸುವಾಗ ಹೇಳೋಣ. ಅಮ್ಮ ಅತ್ತರೆ ಅಳಲಿ, ಪಕ್ಕದಲ್ಲಿ ಕೂರೋಣ. ಅವರ ವಸ್ತು ಕೊಡುವ ಮುನ್ನ ಮನೆಯವರನ್ನೆಲ್ಲ ಕೇಳೋಣ. ಮಕ್ಕಳಿಗೆ, "ತಾತ ಊರಿಗೆ ಹೋಗಿದ್ದಾರೆ" ಎನ್ನುವ ಬದಲು ನಿಜ ಹೇಳೋಣ.

ಆರು ತಿಂಗಳು ದಾಟಿದರೂ ದುಃಖ ಒಂದಿಷ್ಟೂ ಇಳಿಯದೆ, ಊಟ, ನಿದ್ದೆ, ಕೆಲಸ ಯಾವುದೂ ನಡೆಯದಿದ್ದರೆ ತಜ್ಞರ ನೆರವು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಇಂಥ ದೀರ್ಘ ದುಃಖವೂ ಸೇರಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಊರು ಬಿಟ್ಟು ಬಂದ ನಮ್ಮ ಅಮ್ಮಂದಿರಿಗೆ ಇದು ದೊಡ್ಡ ಅನುಕೂಲ.

ನಮ್ಮ ಸಂಘವೂ ಒಂದು ಕೆಲಸ ಮಾಡಬಹುದು. ಸದಸ್ಯರ ಮನೆಯಲ್ಲಿ ಸಾವಾದರೆ ಗ್ರೂಪಿನಲ್ಲಿ "ಓಂ ಶಾಂತಿ" ಹಾಕಿ ಮುಗಿಸದೆ, ಎರಡು ತಿಂಗಳು ಬಿಟ್ಟು ಇಬ್ಬರು ಆ ಮನೆಗೆ ಹೋಗಿ, "ಅವರು ಹೇಗಿದ್ದರು, ಹೇಳಿ" ಎಂದು ಕೇಳೋಣ. ಅಷ್ಟು ಹೊತ್ತಿಗೆ ಕೇಳುವವರು ಯಾರೂ ಉಳಿದಿರುವುದಿಲ್ಲ.