ದೊಡ್ಡ ಬೇಟೆಗೆ ಯಾವ ತೋಟಾ?
(ಅಬುಧಾಬಿಯ ಖಾಲಿದಿಯಾದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ನಗರದಲ್ಲಿ 2003ರಿಂದ ನಡೆದುಬಂದಿರುವ ಬೇಟೆ ಮತ್ತು ಅಶ್ವಾರೋಹಣ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ದವರಿಗೆ ಈ ಪ್ರಶ್ನೆ ಹೊಸದಲ್ಲ. ತೋಟಾ ದೊಡ್ಡದಾದಷ್ಟೂ ಒಳ್ಳೆಯದೆಂಬುದು ಹುಡುಗರ ಉತ್ತರ. ವಿದೇಶದ ರೆಸಿಡೆನ್ಸಿಯಲ್ಲಿ ಗುಂಡೇಟಿನ ರೋಗಿಗಳನ್ನು ಕಂಡ ನಾವು ಅದನ್ನು ಒಪ್ಪಲಾರೆವು. ಗುಂಡು ದೇಹದೊಳಗೆ ಯಾವ ದಾರಿ ಹಿಡಿಯಿತು, ಎಷ್ಟು ಆಳಕ್ಕಿಳಿಯಿತು ಎಂಬುದೇ ಮುಖ್ಯ.

ತೇಜಸ್ವಿಯವರ ಕನ್ನಡದ ಮೂಲಕ ನಮ್ಮ ಮನೆಮಾತಾದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ (1910–1974) ನೆಚ್ಚಿಕೊಂಡದ್ದು .405 ವಿಂಚೆಸ್ಟರ್ ರೈಫಲನ್ನು. ಅದರ ಗುಂಡಿನ ತೂಕ 300 ಗ್ರೇನ್. ಹಳೆಯ ಕಾಂಪೌಂಡರುಗಳು ಆಸ್ಪಿರಿನ್ ಅಳೆಯುತ್ತಿದ್ದ ಗ್ರೇನೇ ಇದು. ಲೆಕ್ಕ ಹಾಕಿದರೆ ಹತ್ತೊಂಬತ್ತೂವರೆ ಗ್ರಾಂ. ತೆಳುಚರ್ಮದ ಹುಲಿಗೆ ಹತ್ತಿರದಿಂದ ಅದು ಧಾರಾಳವಾಗಿ ಸಾಕು. ಆದರೆ ಕಾಟಿಯ ಭುಜದ ಮೂಳೆಯನ್ನು ಮುರಿದು ಹೃದಯ ತಲುಪಬೇಕಾದರೆ 1912ರಲ್ಲಿ ಬಂದ .375 ತೋಟಾವೇ ಮೇಲು. ಗುಂಡಿನ ತೂಕ ಅಷ್ಟೇ; ಆದರೆ ಸಪೂರವಾದುದರಿಂದ ಉದ್ದ ಹೆಚ್ಚು, ವೇಗವೂ ಹೆಚ್ಚು. ಮೊಳೆಗೂ ಗೂಟಕ್ಕೂ ಇರುವ ವ್ಯತ್ಯಾಸವೆನ್ನಿ. ಮೆತ್ತನೆಯ ಮೂತಿಯ ಗುಂಡು ಮೂಳೆಗೆ ತಾಗಿ ಅರಳಿ ಅಲ್ಲಿಯೇ ನಿಲ್ಲಬಹುದು. ದಪ್ಪ ಚರ್ಮದ ಪ್ರಾಣಿಗಳಿಗೆ ಪೂರ್ತಿ ಗಟ್ಟಿ ಗುಂಡೇ ಬೇಕು.

ಆಫ್ರಿಕಾದಲ್ಲಿ ಡಬ್ಲ್ಯೂ.ಡಿ.ಎಂ. ಬೆಲ್ ಎಂಬಾತ ಬರೀ 7 ಮಿಲಿಮೀಟರಿನ ಗುಂಡಿನಿಂದ ನೂರಾರು ಆನೆಗಳನ್ನು ಕೆಡವಿದನು. ಆತ ಆನೆಯ ತಲೆಬುರುಡೆಯ ರಚನೆಯನ್ನು ನಮ್ಮ ಅನಾಟಮಿ ಪ್ರೊಫೆಸರರಂತೆ ಬಲ್ಲವನಾಗಿದ್ದನು. ಅವನನ್ನು ಅನುಕರಿಸಲು ಹೋದವರು ಎಷ್ಟು ಆನೆಗಳನ್ನು ಗಾಯಗೊಳಿಸಿ ಬಿಟ್ಟರೆಂಬ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಇತ್ತ ಭಾರೀ ತೋಟಾ ಹೆಗಲಿಗೆ ಒದೆಯುವುದೆಂದು ಹೆದರಿ ಕಣ್ಣು ಮುಚ್ಚುವವನ ಗುಂಡು ಹೊಟ್ಟೆಗೆ ಬೀಳುತ್ತದೆ.

ಆ ತಪ್ಪಿದ ಗುಂಡಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತದ ಹೆಣ್ಣುಹುಲಿಯನ್ನು ಕೊಂದು ನೋಡಿದಾಗ ಅದರ ಬಲಬದಿಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಳೆಯ ಗುಂಡೇಟಿನ ಗಾಯವೇ ಕಾರಣವೆಂದು ಅವರು ತೀರ್ಮಾನಿಸಿದರು. ಸಹಜ ಬೇಟೆ ಸಾಧ್ಯವಾಗದ ಆ ಹುಲಿಗೆ ಬಲಿಯಾದವರು 436 ಮಂದಿ ಎಂಬ ಲೆಕ್ಕವಿದೆ. ಯಾರೋ ಒಬ್ಬನ ಅರೆಬರೆ ಗುರಿಗೆ ಅಷ್ಟೂ ಮನೆಗಳು ಬೆಲೆ ತೆತ್ತವು.

1972ರ ವನ್ಯಜೀವಿ ಕಾಯಿದೆಯ ನಂತರ ನಮ್ಮ ಕಾಡುಗಳಲ್ಲಿ ಹವ್ಯಾಸದ ಬೇಟೆಗೆ ಎಡೆಯಿಲ್ಲ. ರಜೆಯಲ್ಲಿ ಊರಿಗೆ ಹೋಗುವ ಕೊಡಗಿನ ಬಂಧುಗಳು ಕೈಲ್‌ಮುಹೂರ್ತದ ದಿನ ತೆಂಗಿನಕಾಯಿಗೆ ಧಾರಾಳವಾಗಿ ಗುರಿಯಿಡಲಿ. ಅದು ಗಾಯಗೊಂಡು ಓಡುವುದಿಲ್ಲ. ತೋಟಾದ ಚರ್ಚೆಯೂ ಬೇಕಿಲ್ಲ.